ಇಪ್ಪತ್ತೊಂಬತ್ತನೇ ರೋಜಾದ ಹಲ್ವಾ

ಭದ್ರಾವತಿಯ ಹಳೇನಗರದಲ್ಲಿ ಬಾಬು ಸಾಬರ ಬೈಗುಳ ತಿನ್ನದ ಲಾರಿ ಡ್ರೈವರ್ ಇದ್ದರೆ ಅವನು ಆ ಊರಿನವನೇ ಅಲ್ಲ. ನಲವತ್ತು ವರ್ಷ ಗ್ಯಾರೇಜು ನಡೆಸಿದ ಮನುಷ್ಯ. ಲಾರಿ ಇನ್ನೂ ರಸ್ತೆ ತಿರುವಿನಲ್ಲಿ ಇರುವಾಗಲೇ ಅದರ ಸದ್ದು ಕೇಳಿ, "ಎರಡನೇ ಇಂಜೆಕ್ಟರ್ ಹೋಗಿದೆಯಲ್ಲೋ, ಇಷ್ಟು ದಿನ ಕತ್ತೆ ಕಾಯ್ತಿದ್ದೆಯಾ?" ಎಂದು ಬೈಯುತ್ತಲೇ ಸ್ಪ್ಯಾನರ್ ಎತ್ತಿಕೊಳ್ಳುತ್ತಿದ್ದರು. ಬೈಸಿಕೊಂಡವರು ಯಾರೂ ಬೇಜಾರು ಮಾಡಿಕೊಂಡಿದ್ದಿಲ್ಲ. ಬಿಚ್ಚಿ ನೋಡಿದರೆ ಎರಡನೇ ಇಂಜೆಕ್ಟರೇ ಹೋಗಿರುತ್ತಿತ್ತು. ಈಗ ವಯಸ್ಸು ಅರವತ್ತೇಳು, ಗ್ಯಾರೇಜನ್ನು ಶಿಷ್ಯ ವಿಷ್ಣುವಿಗೆ ಒಪ್ಪಿಸಿದ್ದಾರೆ. ವಿಷ್ಣುವಿಗೂ ನಲವತ್ತೈದಾಗಿದೆ, ಅವನೂ ಈಗ ಥೇಟ್ ಸಾಬರ ಹಾಗೇ ಬೈಯುತ್ತಾನೆ.

ಇಂಥ ಮನುಷ್ಯ ಏಳು ವರ್ಷದಿಂದ ಒಂದು ತಾಮ್ರದ ಡೇಗಿನಷ್ಟು ಹಲ್ವಾದ ಮುಂದೆ ಸೋತು ಕೂತಿದ್ದರು ಅಂದರೆ ನೀವು ನಗಬಹುದು. ಬೀದಿಯವರೂ ಮೊದಮೊದಲು ನಕ್ಕರು.

ಹಲ್ವಾ ಅವರ ಹೆಂಡತಿ ಹಫೀಜಾಳದ್ದು. ಏಳು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದೆ ಯಾಕೋ ಭಾರ ಅನ್ನುತ್ತಿದೆ ಎಂದವಳು ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ. ಅವಳು ಬದುಕಿದ್ದಷ್ಟು ವರ್ಷ ರಂಜಾನ್ ತಿಂಗಳ ಇಪ್ಪತ್ತೊಂಬತ್ತನೇ ರೋಜಾದ, ಅಂದರೆ ಉಪವಾಸದ, ಮಧ್ಯಾಹ್ನ ಆ ಹಲ್ವಾ ಮಾಡುತ್ತಿದ್ದಳು. ಮೂರು ದಿನ ನೆನೆಸಿದ ಗೋಧಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ತೆಗೆದ ಹಾಲು. ಕಾಡಿನ ಚಾರೋಳಿ ಬೀಜ. ತುಪ್ಪ. ಸಿಹಿಗೆ ಸಕ್ಕರೆಯೂ ಅಲ್ಲ, ಅಂಗಡಿ ಬೆಲ್ಲವೂ ಅಲ್ಲ, ಬೈನೆ ಮರದ ಜೋನಿ. ಕಪ್ಪಗೆ, ಜೇನಿಗಿಂತ ಸ್ವಲ್ಪ ತೆಳ್ಳಗೆ, ಒಂಚೂರು ಹೊಗೆವಾಸನೆ, ನುಂಗಿದ ಮೇಲೆ ಗಂಟಲಲ್ಲಿ ಕಂಡೂ ಕಾಣದಷ್ಟು ಕಹಿ. ಹಬ್ಬದ ಬೆಳಿಗ್ಗೆ ಈದ್ಗಾದಿಂದ ಬಂದವರು ಶೀರ್ ಖುರ್ಮಾ ಎಲ್ಲರ ಮನೆಯಲ್ಲೂ ಕುಡಿಯುತ್ತಿದ್ದರು, ಹಲ್ವಾಕ್ಕೆ ಮಾತ್ರ ಬಾಬು ಸಾಬರ ಮನೆಗೇ ಬರುತ್ತಿದ್ದರು.

ಅವಳು ಹೋದ ಮೇಲಿನ ಮೊದಲ ರಂಜಾನಿಗೆ ಮಗಳು ಸಫೂರಾ ಬೇಕರಿಯಿಂದ ಹಲ್ವಾ ತರಿಸಿದಳು. ಬಾಬು ಸಾಬರು ಅದನ್ನು ಮೂಸಿ ನೋಡಿ ಪಕ್ಕಕ್ಕೆ ತಳ್ಳಿದರು. "ಇದನ್ನ ತಿನ್ನೋದಕ್ಕಿಂತ ಗ್ರೀಸ್ ತಿನ್ನಬಹುದು. ನಾನೇ ಮಾಡ್ತೀನಿ ಬಿಡು," ಅಂದರು. ಆವತ್ತಿನವರೆಗೆ ಅವರು ಒಲೆ ಮೇಲೆ ಕಾಯಿಸಿದ್ದು ಬೇರಿಂಗ್ ಮಾತ್ರ.

ಮಾಡಿದರು. ಬರಲಿಲ್ಲ. ಮರುವರ್ಷ ಮಾಡಿದರು, ಬರಲಿಲ್ಲ. ಹಲ್ವಾ ಕೆಟ್ಟಿರುತ್ತಿರಲಿಲ್ಲ, ತಿಂದವರು ಬಟ್ಟಲು ನೆಕ್ಕುತ್ತಿದ್ದರು. ಆದರೆ ಬಾಬು ಸಾಬರು ಒಂದು ತುಂಡು ಬಾಯಿಗೆ ಹಾಕಿ ಕಣ್ಣು ಮುಚ್ಚಿ, "ಇದು ಅವಳದಲ್ಲ," ಎಂದು ಎದ್ದುಬಿಡುತ್ತಿದ್ದರು. ಅವರಿಗೆ ಆ ರುಚಿ ಬೇಕಿತ್ತು. ಸುಮ್ಮನೆ ಬೇಕಿತ್ತು ಅಲ್ಲ, ಹಸಿದ ಹಾಗೆ ಬೇಕಿತ್ತು. ಹಫೀಜಾಳ ಸೀರೆಗಳನ್ನು ಸಫೂರಾ ಹಂಚಿದಳು, ಅವಳ ದನಿ ದಿನದಿಂದ ದಿನಕ್ಕೆ ಮಸುಕಾಗುತ್ತಿತ್ತು, ಇದ್ದ ಒಂದೆರಡು ಫೋಟೋದಲ್ಲಿ ಅವಳು ಸೆರಗಿನಲ್ಲಿ ಮುಖ ಮುಚ್ಚಿ ನಗುತ್ತಿದ್ದಳು. ಆ ಹಲ್ವಾ ಒಂದು ಮೊದಲಿನ ಹಾಗೆ ಬಂದುಬಿಟ್ಟರೆ ಅವಳು ಪೂರ್ತಿ ಹೋಗಿಲ್ಲ ಅಂತ ಅವರ ಮನಸ್ಸು ಹೇಳುತ್ತಿತ್ತು.

ಮೆಕ್ಯಾನಿಕ್ ನೋಡಿ, ಮೆಕ್ಯಾನಿಕ್ ಬುದ್ಧಿಯೇ ಓಡಿತು. ಗಾಡಿಯಲ್ಲಿ ದೋಷ ಗೊತ್ತಾಗದಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬಾರದು, ಒಂದೊಂದೇ ಬದಲಾಯಿಸಿ ನೋಡಬೇಕು ಅಂತ ಅವರು ವಿಷ್ಣುವಿಗೆ ತಲೆ ಮೇಲೆ ಮೊಟಕಿ ಕಲಿಸಿದ್ದರು. ಹಾಗೇ ಒಂದು ವರ್ಷ ಗೋಧಿ ಬದಲಾಯಿಸಿದರು. ಇನ್ನೊಂದು ವರ್ಷ ಡೇಗಿಗೆ ಹೊಸ ಕಲಾಯಿ ಹಾಕಿಸಿದರು. ಆಮೇಲೆ ಗ್ಯಾಸ್ ಬಿಟ್ಟು ಸೌದೆ. ಸೌದೆಯಲ್ಲೂ ಹುಣಸೆ ಸೌದೆ. ತುಪ್ಪ ಹಸುವಿನದ್ದು, ಆಮೇಲೆ ಎಮ್ಮೆಯದ್ದು. ಜೋನಿ ಮಾತ್ರ ಪ್ರತಿ ವರ್ಷ ಒಂಬತ್ತು ಸೌಟು. ಒಮ್ಮೆ ಅಮ್ಮಿ ಒಂಬತ್ತು ಹಾಕಿದ್ದು ನೋಡಿದ್ದೇನೆ ಅಂತ ಸಫೂರಾ ಹೇಳಿದ್ದಳು, ಸಾಬರು ಅದನ್ನೇ ಭದ್ರವಾಗಿ ಹಿಡಿದಿದ್ದರು.

ಸಂಜೆ ಮೇಲೆ ಮಾಡಿ, ರುಚಿ ನೋಡುತ್ತಾ ಮಾಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ವಿಷ್ಣುವೂ ಕೇಳಿದ. "ಹಫೀಜಾ ಮಧ್ಯಾಹ್ನ ಮಾಡ್ತಿದ್ದಳು, ರೋಜಾದಲ್ಲೇ ಮಾಡ್ತಿದ್ದಳು. ನಾನೂ ಹಂಗೇ ಮಾಡ್ತೀನಿ. ನಿನ್ನ ಕೆಲಸ ನೋಡ್ಕೋ," ಎಂದು ಉತ್ತರ ಬಂತು. ರೋಜಾ ಇರುವವರು ನಾಲಗೆ ತುದಿಗೆ ಮುಟ್ಟಿಸಿ ಉಗಿಯಬಹುದು ಎನ್ನುವವರೂ ಇದ್ದಾರೆ. ಹಫೀಜಾ ಅದಕ್ಕೂ ಒಪ್ಪುತ್ತಿರಲಿಲ್ಲ, ಇವರೂ ಒಪ್ಪಲಿಲ್ಲ.

ಈ ವರ್ಷ ಕಥೆ ಬೇರೆಯಾಯಿತು. ಹದಿನೈದನೇ ರೋಜಾ ಮುಗಿದ ಮೇಲೆ ಒಂದು ದಿನ ಬಾಬು ಸಾಬರು ಜೋನಿ ತರಲು ಕುಂಸಿ ಕಡೆಗೆ ಹೋದರು. ಅಲ್ಲಿ ಗಂಗಾಧರಪ್ಪನ ತೋಟದ ಅಂಚಿನಲ್ಲಿ ಒಂದು ಬೈನೆ ಮರ. ಗಂಗಾಧರಪ್ಪನ ಪವರ್ ಟಿಲ್ಲರನ್ನು ಒಮ್ಮೆ ಸಾಬರು ಎಬ್ಬಿಸಿ ಕೂರಿಸಿದ್ದರಿಂದ ಬೆಳೆದ ಸ್ನೇಹ. ಬೈನೆಯ ಹೊಂಬಾಳೆ ಕೊಯ್ದು ಮಡಕೆ ಕಟ್ಟಿದರೆ ರಾತ್ರಿಯಿಡೀ ರಸ ತೊಟ್ಟಿಕ್ಕುತ್ತದೆ. ಮಡಕೆ ಒಳಗೆ ಸುಣ್ಣ ಬಳಿದಿದ್ದರೆ ಬೆಳಿಗ್ಗೆಗೂ ಸಿಹಿ, ಬಳಿಯದಿದ್ದರೆ ಹೆಂಡ. ಗಂಗಾಧರಪ್ಪ "ಇದು ಸಾಬರ ಮಡಕೆ" ಅಂತ ಒಂದಕ್ಕೆ ಎರಡು ಸಲ ಸುಣ್ಣ ಬಳಿದು ಬೇರೆಯೇ ಕಟ್ಟುತ್ತಿದ್ದ. ಸೂರ್ಯ ಏಳುವ ಮೊದಲೇ ಇಳಿಸಿ, ಅಲ್ಲೇ ಮರದ ಬುಡದಲ್ಲಿ ಒಲೆ ಹೂಡಿ ಕುದಿಸಿ ಜೋನಿ ಮಾಡಿಕೊಡುತ್ತಿದ್ದ.

ಈ ಸಲ ಅವನು ಕ್ಯಾನ್ ಕೈಗಿಟ್ಟು ಮರದ ಕಡೆ ಕೈ ತೋರಿಸಿದ. "ನೋಡ್ಕೊಂಡುಬಿಡಿ ಸಾಬ್ರೇ, ಇದೇ ಕಡೇದು."

"ಕಡೇದು ಅಂದ್ರೆ?"

"ಬೈನೆ ಮೇಲಿಂದ ಹೂ ಬಿಡ್ತಾ ಕೆಳಗೆ ಇಳೀತದೆ. ಬುಡದ ಹೊಂಬಾಳೆ ಮುಗೀತು ಅಂದ್ರೆ ಮರವೂ ಮುಗೀತು. ಈ ಸಲ ಬುಡದ್ದೇ ಕೊಯ್ದಿರೋದು. ಇನ್ನೊಂದು ಮರ ಹುಡುಕಿ ಹತ್ತೋಕೆ ನನಗೆ ಮೊಣಕಾಲು ಇಲ್ಲ. ಈ ಕಡೆ ಬೇರೆ ಯಾರೂ ಕಟ್ಟಲ್ಲ."

ಬಾಬು ಸಾಬರು ಮರವನ್ನು ಮೇಲಿನಿಂದ ಕೆಳಗೆ ನೋಡಿದರು. ಎಲೆ ಅರ್ಧಕ್ಕರ್ಧ ಒಣಗಿತ್ತು. ಯಾವ ಪಾರ್ಟ್ ಹಾಕಿದರೂ ಎದ್ದು ನಿಲ್ಲುವ ಕೇಸ್ ಅಲ್ಲ ಅದು ಎಂದು ಅವರಿಗೆ ಗೊತ್ತಾಯಿತು. ಕ್ಯಾನನ್ನು ಸ್ಕೂಟರಿನ ಮುಂದೆ ಕಾಲ ಮಧ್ಯೆ ಇಟ್ಟುಕೊಂಡು, ಪ್ರತಿ ರಸ್ತೆ ಉಬ್ಬಿಗೂ ಉಸಿರು ಹಿಡಿದುಕೊಂಡು ಭದ್ರಾವತಿಗೆ ಬಂದರು. ಒಂದೇ ಕ್ಯಾನು, ಒಂದೇ ಡೇಗಿಗೆ ಆಗುವಷ್ಟು. ಈ ಸಲ ಬರದಿದ್ದರೆ ಹಫೀಜಾಳ ಹಲ್ವಾ ಇನ್ನು ಯಾವತ್ತೂ ಇಲ್ಲ.

ಇಪ್ಪತ್ತೇಳನೇ ರೋಜಾದ ದಿನ ಸಫೂರಾ ಬಂದಳು. ಅವಳನ್ನು ಶಿವಮೊಗ್ಗದ ಮೊಬೈಲ್ ಅಂಗಡಿಯ ವಸೀಂಗೆ ಕೊಟ್ಟಿದೆ, ಹಬ್ಬಕ್ಕೆ ಮುಂಚೆ ಎರಡು ದಿನ ಅಪ್ಪನ ಮನೆಗೆ ಬರುವುದು ರೂಢಿ. ಅಪ್ಪ ಮಗಳು ಅಂಗಳದಲ್ಲಿ ಚಾರೋಳಿ ಒಡೆಯುತ್ತಾ ಕೂತರು. ಕಾಡಿನಲ್ಲಿ ಬೇಸಗೆಗೆ ಕಪ್ಪು ಹಣ್ಣು ಬಿಡುವ ಮರ ಅದು. ಹಣ್ಣು ತಿಂದು ಉಗಿದ ಗೊರಟನ್ನೇ ಒಣಗಿಸಿ, ಬೀಸುಕಲ್ಲಿನಲ್ಲಿ ಮೆಲ್ಲಗೆ ಒಂದು ಸುತ್ತು ತಿರುವಿದರೆ ಚಿಪ್ಪು ಒಡೆದು ಒಳಗಿನ ಪುಟ್ಟ ಬೀಜ ಸಿಗುತ್ತದೆ. ಜೋರಾಗಿ ತಿರುವಿದರೆ ಬೀಜವೂ ಹಿಟ್ಟು. ಪೇಟೆಯಲ್ಲಿ ಒಡೆದದ್ದೇ ಸಿಗುತ್ತದೆ, ಆದರೆ ಅದು ಯಾವ ಕಾಲದ್ದೋ, ಎಣ್ಣೆ ಕಮಟು.

"ಕೇಳಿ ಅಬ್ಬಾ, ಈ ಸಲವಾದ್ರೂ ಯಾರ ಕೈಲಾದ್ರೂ ರುಚಿ ನೋಡಿಸಿ," ಅಂದಳು ಸಫೂರಾ. "ನೀವು ನೋಡೋದು ಇಫ್ತಾರ್ ಆದ್ಮೇಲೆ. ಅಷ್ಟೊತ್ತಿಗೆ ಹಲ್ವಾ ತಟ್ಟೆಗೆ ಸುರಿದಾಗಿರುತ್ತೆ. ಆಮೇಲೆ ಸಿಹಿ ಕಮ್ಮಿ ಅಂದ್ರೆಷ್ಟು, ಜಾಸ್ತಿ ಅಂದ್ರೆಷ್ಟು?"

"ನಿಮ್ಮಮ್ಮಿ ಯಾರ ಕೈಲಿ ನೋಡಿಸ್ತಿದ್ದಳೇ?"

"ಸಾವಿತ್ರಮ್ಮಾಂಟಿ ಕೈಲಿ."

ಬೀಸುಕಲ್ಲು ನಿಂತಿತು.

"ಯಾರು?"

"ಪಕ್ಕದ ಮನೇಲಿದ್ರಲ್ಲ, ಪುಟ್ಟಯ್ಯಂಕಲ್ ಮನೆಯವರು. ಅಮ್ಮಿ ಜೋನಿ ಒಂದೊಂದೇ ಸೌಟು ಹಾಕೋಳು. ನಾನು ಚಮಚದಲ್ಲಿ ಹಿಡ್ಕೊಂಡು ಹಿತ್ತಿಲ ಗೋಡೆ ಹತ್ರ ಓಡ್ತಿದ್ದೆ. ಆಂಟಿ ಅಂಗೈಗೆ ಹಾಕ್ಕೊಂಡು ನೆಕ್ಕಿ, 'ಇನ್ನೊಂದು' ಅನ್ನೋರು. ಮತ್ತೆ ಓಡ್ತಿದ್ದೆ. ಅವರು 'ಸಾಕು' ಅನ್ನೋವರೆಗೂ ಅಮ್ಮಿ ಹಾಕ್ತಾನೇ ಇರೋಳು. ಆ ಒಂಬತ್ತು ಸೌಟಿನ ವರ್ಷ ಜೋನಿ ನೀರುನೀರಾಗಿತ್ತಂತೆ."

ಬಾಬು ಸಾಬರ ಮುಖ ಕೆಂಪಗಾಯಿತು. "ಏಳು ವರ್ಷ! ಏಳು ವರ್ಷದಿಂದ ನಾನು ತಲೆ ಚಚ್ಚಿಕೊಳ್ತಿದ್ದೀನಿ, ಕಲಾಯಿ ಬದಲಾಯಿಸಿದೆ, ಎಮ್ಮೆ ಬದಲಾಯಿಸಿದೆ, ಈಗ ಹೇಳ್ತಿದ್ದೀಯಾ?"

"ನೀವು ಈಗ ತಾನೇ ಕೇಳಿದ್ದು?"

ಅದೂ ನಿಜವೇ. ಅವರು ಗೋಧಿ ಎಲ್ಲಿಯದು ಎಂದು ಕೇಳಿದ್ದರು, ಸೌದೆ ಯಾವುದು ಎಂದು ಕೇಳಿದ್ದರು, ಯಾರ ನಾಲಗೆ ಎಂದು ಕೇಳಿರಲಿಲ್ಲ. ಜೋನಿ ಅಂಗಡಿ ಸಕ್ಕರೆಯಂತಲ್ಲ. ಮಳೆ ಹೇಗಾಯಿತು, ಮರ ಎಷ್ಟು ಮುದಿ, ಕುದಿಸಿದವನು ಎಷ್ಟು ಹೊತ್ತಿಗೆ ಇಳಿಸಿದ, ಇದರ ಮೇಲೆ ಪ್ರತಿ ವರ್ಷದ ಸಿಹಿ ಬೇರೆ. ಅದನ್ನು ಸೌಟಿನ ಲೆಕ್ಕದಲ್ಲಿ ಹಾಕಲು ಬರುವುದೇ ಇಲ್ಲ. ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂದು ಬಾಬು ಸಾಬರು ಹಣೆ ಹಣೆ ಬಡಿದುಕೊಂಡರು.

"ಹಂಗಾದ್ರೆ ವಿಷ್ಣು ಕೈಲಿ ನೋಡಿಸ್ತೀನಿ."

"ವಿಷ್ಣು ಅಣ್ಣ ಬೂಸ ಕಲಸಿ ಕೊಟ್ರೂ ಸೂಪರ್ ಅಂತಾನೆ. ಅಬ್ಬಾ, ಅಮ್ಮಿ ಹಲ್ವಾ ಬಿಸೀಲಿ ಹೆಂಗಿರುತ್ತೆ ಅಂತ ಗೊತ್ತಿರೋದು ಭೂಮಿ ಮೇಲೆ ಆಂಟಿ ಒಬ್ಬರಿಗೇ. ಅಮ್ಮಿಗೂ ಗೊತ್ತಿರಲಿಲ್ಲ."

ಸಾವಿತ್ರಮ್ಮ ಅಂದರೆ ಬಾಬು ಸಾಬರಿಗೆ ನೆನಪಿದ್ದದ್ದು ಒಂದು ಕೆಮ್ಮು, ಗೋಡೆಯಾಚೆ ಬಟ್ಟೆ ಒಗೆಯುವ ಸದ್ದು, ಅಷ್ಟೆ. ಇಪ್ಪತ್ತೆರಡು ವರ್ಷ ಪಕ್ಕದ ಮನೆಯಲ್ಲಿದ್ದರು. ಗಂಡ ಪುಟ್ಟಯ್ಯ ಕಾರ್ಖಾನೆಯ ಕೆಲಸಗಾರ. ಗಂಡಸರು ಗಂಡಸರು ರಸ್ತೆಯಲ್ಲಿ ಮಾತಾಡಿಕೊಂಡರು, ಹೆಂಗಸರು ಹೆಂಗಸರು ಹಿತ್ತಿಲಲ್ಲಿ. ಪುಟ್ಟಯ್ಯ ತೀರಿಕೊಂಡ ಮೇಲೆ ಒಂಬತ್ತು ವರ್ಷದ ಹಿಂದೆ ಮಗ ದುಶ್ಯಂತ್ ತಾಯಿಯನ್ನು ಶಿವಮೊಗ್ಗದ ನವುಲೆಗೆ ಕರೆದುಕೊಂಡು ಹೋದ. ಅವನಿಗೆ ಅಲ್ಲಿನ ಕೃಷಿ ಕಾಲೇಜಿನಲ್ಲಿ ಕೆಲಸ. ಲಗೇಜು ಗಾಡಿ ಹೊರಟ ದಿನ ಹಫೀಜಾ ಊಟ ಮಾಡಲಿಲ್ಲ ಎಂಬುದು ಬಾಬು ಸಾಬರಿಗೆ ಈಗ ನೆನಪಾಯಿತು. ಹೊಟ್ಟೆ ಸರಿಯಿಲ್ಲ ಅಂದಿದ್ದಳು.

ಇನ್ನೊಂದೂ ನೆನಪಾಯಿತು. ಹಫೀಜಾ ಇದ್ದ ಕೊನೆಯ ಎರಡು ವರ್ಷ ಹಲ್ವಾ ಮೊದಲಿನ ಹಾಗೆ ಬಂದಿರಲಿಲ್ಲ. ಅವರೇ ತಿಂದು, "ಯಾಕೋ ಈ ಸಲ ಹಂಗೆ ಬಂದಿಲ್ಲ," ಅಂದಿದ್ದರು. ಅವಳು "ಹೌದಾ? ಮುಂದಿನ ವರ್ಷ ನೋಡೋಣ," ಅಂದಿದ್ದಳು.

ಸಫೂರಾ ನಂಬರು ಹಚ್ಚಿ ಫೋನನ್ನು ಕೈಗಿಟ್ಟಳು. ಲಾರಿ ಮಾಲೀಕರನ್ನೇ ನಡುಗಿಸಿದ ಮನುಷ್ಯ ಫೋನ್ ಹಿಡಿದುಕೊಂಡು ಬೆವೆತರು. "ಅಕ್ಕಾ, ನಾನು... ಭದ್ರಾವತಿಯಿಂದ... ಹಫೀಜಾ ಮನೆಯವನು," ಅಂದರು. ಸ್ವಂತ ಹೆಸರೇ ಬಾಯಿಗೆ ಬರಲಿಲ್ಲ.

ಆ ಕಡೆಯಿಂದ ಅದೇ ಕೆಮ್ಮು. "ಬಾಬು ಸಾಬ್ರಾ? ಅಯ್ಯೋ, ಏನಾಯ್ತು? ಸಫೂರಾ ಚೆನ್ನಾಗಿದ್ದಾಳಾ?"

ಅವರು ವಿಷಯ ಹೇಳಿದರು. ಹೇಳುತ್ತಾ ಹೋದ ಹಾಗೆ ಇದೆಂಥ ಹುಚ್ಚು ಅಂತ ಅವರಿಗೇ ಅನ್ನಿಸಿತು. ಹೆಂಡತಿ ಸತ್ತು ಏಳು ವರ್ಷವಾಗಿದೆ, ಮರ ಸಾಯುತ್ತಿದೆ, ಒಂದು ಕ್ಯಾನ್ ಜೋನಿ ಇದೆ, ನೀವು ಅಂಗೈ ನೆಕ್ಕಿ ಹೇಳಬೇಕು. ಯಾರಾದರೂ ಕೇಳಿದರೆ ಏನಂದಾರು?

"ನಾಡಿದ್ದು ಯುಗಾದಿ," ಅಂದರು ಸಾವಿತ್ರಮ್ಮ.

"ಹಂಗಾದ್ರೆ ಬೇಡ ಅಕ್ಕ. ನಿಮಗೆ ಹಬ್ಬದ ಗಡಿಬಿಡಿ."

"ಏನು ಬೇಡ? ಎಣ್ಣೆ ನೀರಿಗೆ ಹಿತ್ತಿಲಲ್ಲಿ ಒಲೆ ಹೂಡಿರ್ತೀವಲ್ಲ. ಡೇಗ್ ತಗೊಂಡು ಬನ್ನಿ."

ಇಪ್ಪತ್ತೊಂಬತ್ತನೇ ರೋಜಾ. ಸಫೂರಾ ಬೆಳಿಗ್ಗೆಯೇ ಗಂಡನ ಮನೆಗೆ ಮರಳಿದ್ದಳು. ಬಾಬು ಸಾಬರು ಸ್ಕೂಟರಿನ ಹಿಂದಿನ ಸೀಟಿಗೆ ಡೇಗನ್ನು ಲಾರಿ ಹಗ್ಗದಿಂದ ಕಟ್ಟಿದರು. ಮುಂದೆ ಜೋನಿ ಕ್ಯಾನು, ಗೋಧಿ ಹಾಲಿನ ಕ್ಯಾನು, ಹೆಗಲಿಗೆ ಚಾರೋಳಿ ಚೀಲ. ಕಾರಿನಲ್ಲಿ ಬಿಡುತ್ತೇನೆ ಎಂದ ವಿಷ್ಣುವಿಗೆ ಎರಡು ಬೈದು ಹೊರಟರು. ಬಿಸಿಲು ಸುಡುತ್ತಿತ್ತು. ಸೋಗಾನೆಯ ವಿಮಾನ ನಿಲ್ದಾಣದ ಹತ್ತಿರ ವಿಮಾನವೊಂದು ತಲೆ ಮೇಲೆಯೇ ಇಳಿದ ಹಾಗಾಗಿ ಸ್ಕೂಟರು ಅಲ್ಲಾಡಿತು. "ನಿನ್ನ ಇಂಜಿನ್ ಸರಿಯಾಗಿದೆ, ಹೋಗು ಮಾರಾಯ," ಅಂದರು ಅವರು ಆಕಾಶ ನೋಡಿ.

ನವುಲೆಯ ಮನೆ ಬಾಗಿಲಿಗೆ ಮಾವಿನ ತೋರಣ. ಒಳಗಿಂದ ಹೋಳಿಗೆಯ ಘಮ. ಸಾವಿತ್ರಮ್ಮ ಹೊರಗೆ ಬಂದು ನಿಂತರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರು ಡೇಗಿನ ಕಡೆ ನೋಡಿ, "ಅದೇನಾ ಇದು? ಕಿವಿ ಹತ್ರ ನೆಗ್ಗಿತ್ತಲ್ಲ," ಅಂದರು.

"ಸರಿ ಮಾಡಿದೆ ಅಕ್ಕ."

"ಎಲ್ಲಾ ಸರಿ ಮಾಡೋದೇ ನಿಮ್ಮ ಕೆಲಸ," ಎಂದು ನಕ್ಕರು.

ಸೊಸೆ ಸುಷ್ಮಾ ಹಿತ್ತಿಲಿಗೆ ಸೌದೆ ತಂದು ಹಾಕಿದಳು, ಆದರೆ ಮುಖದಲ್ಲಿ ಆತಂಕವಿತ್ತು. "ಅಂಕಲ್, ಬೇಜಾರು ಮಾಡ್ಕೋಬೇಡಿ. ಅತ್ತೆಗೆ ಶುಗರ್ ಜಾಸ್ತಿ ಇದೆ. ಹೋಳಿಗೆಗೇ ನಾನು ಬೇಡ ಅಂದಿದ್ದೆ."

"ಹೋಳಿಗೆ ನಾನು ಮುಟ್ಟಿದ್ನಾ?" ಸಾವಿತ್ರಮ್ಮ ತಿರುಗಿದರು. "ಹೂರಣ ತಿಂದ ನಾಲಗೆಗೆ ಜೋನಿ ರುಚಿ ತಿಳಿಯಲ್ಲ ಅಂತ ಬೆಳಿಗ್ಗೆಯಿಂದ ಖಾರ ಅವಲಕ್ಕಿ ಬಿಟ್ಟು ಏನೂ ತಿಂದಿಲ್ಲ. ಹಬ್ಬದ ದಿನ ನನ್ನದೂ ರೋಜಾನೇ ಅಂತ ತಿಳ್ಕೋ. ಅಂಗೈ ನೆಕ್ಕಿದ್ರೆ ಸತ್ತುಹೋಗ್ತೀನಾ ಮಾರಾಯ್ತಿ?"

ಬಾಬು ಸಾಬರು ಬೆನ್ನು ತಿರುಗಿಸಿ ಒಲೆ ಊದಲು ಕೂತರು.

ಗೋಧಿ ಹಾಲು ಡೇಗಿಗೆ ಬಿತ್ತು. ಕೈ ನಿಲ್ಲಿಸದೆ ತಿರುವಬೇಕು, ನಿಲ್ಲಿಸಿದರೆ ಗಂಟು. ಅದು ಅಂಟಿನಂತಾಗಿ ಸೌಟು ಎಳೆಯತೊಡಗಿದಾಗ ಮೊದಲ ಸೌಟು ಜೋನಿ. ಬಿಳುಪು ಹೋಗಿ ಕಂದು ಬಂತು. ಎರಡು, ಮೂರು. ಸಾವಿತ್ರಮ್ಮ ಮೆಟ್ಟಿಲ ಮೇಲೆ ಅಂಗೈ ಚಾಚಿ ಕೂತಿದ್ದರು. ಸುಷ್ಮಾ ಚಮಚದಲ್ಲಿ ತಂದು ಹಾಕಿದಳು. ಅವರು ಊದಿ, ನೆಕ್ಕಿ, ಕಣ್ಣು ಮುಚ್ಚಿ, "ಇನ್ನೊಂದು," ಅಂದರು.

ನಾಲ್ಕು. "ಇನ್ನೊಂದು." ಐದು. ಈ ಸಲ ಅವರು ಅಂಗೈಯನ್ನು ಎರಡು ಸಲ ನೆಕ್ಕಿದರು. "ಇನ್ನರ್ಧ."

ಅರ್ಧ ಬಿತ್ತು. ಅಂಗೈ ನೆಕ್ಕಿದರು. "ಸಾಕು."

"ಸಾಕಾ?" ಬಾಬು ಸಾಬರು ಸೌಟು ಎತ್ತಿದರು. "ಐದೂವರೆ! ನಾನು ಪ್ರತಿ ವರ್ಷ ಒಂಬತ್ತು ಹಾಕ್ತಿದ್ದೀನಿ ಅಕ್ಕ!"

"ಅದಕ್ಕೇ ಬಂದಿಲ್ಲ. ನಿಮ್ಮ ಮನೆಯೋರಿಗೂ ಕೈ ಸ್ವಲ್ಪ ಸಿಹಿನೇ. ಬಿಟ್ಟರೆ ಸುರಿದುಬಿಡೋಳು. ನಾನೇ ನಿಲ್ಲಿಸ್ತಿದ್ದೆ. ಆ ಕಹಿ ಇದೆಯಲ್ಲ, ಗಂಟಲಲ್ಲಿ ಒಂಚೂರು, ಅದು ಸಿಹಿ ಕೆಳಗೆ ಮುಚ್ಚಿಹೋಗಬಾರದು. ತುಪ್ಪ ಬಿಡಿ ಈಗ, ತಳ ಹಿಡೀತದೆ."

ತುಪ್ಪ ಬಿತ್ತು, ಹುರಿದ ಚಾರೋಳಿ ಬಿತ್ತು. ಹಲ್ವಾ ಡೇಗಿನ ಅಂಚು ಬಿಟ್ಟು ಮುದ್ದೆಯಾಗಿ ಹೊರಳತೊಡಗಿತು. ತಟ್ಟೆಗೆ ಸುರಿದು ಹಬ್ಬದ ಬಾಳೆ ಎಲೆ ಮುಚ್ಚಿದರು. ಸೂರ್ಯ ಇಳಿಯಲು ಇನ್ನೂ ಒಂದು ಗಂಟೆ ಇತ್ತು. ಬಾಬು ಸಾಬರು ಹಿತ್ತಿಲಲ್ಲೇ ಚಾಪೆ ಹಾಸಿಕೊಂಡು ಕೂತರು. ಅಷ್ಟು ದೀರ್ಘ ಗಂಟೆ ಅವರು ಯಾವ ರಂಜಾನಿನಲ್ಲೂ ಕಳೆದಿರಲಿಲ್ಲ.

ದೂರದಿಂದ ಆಜಾನ್ ಕೇಳಿತು. ಖರ್ಜೂರ ಬಾಯಿಗೆ ಹಾಕಿ, ಸುಷ್ಮಾ ಕೊಟ್ಟ ನೀರು ಕುಡಿದರು. ಬಾಯಿ ಮುಕ್ಕಳಿಸಿದರು. ಆಮೇಲೆ ತಟ್ಟೆಯ ಎಲೆ ಸರಿಸಿ, ಇನ್ನೂ ಬೆಚ್ಚಗಿದ್ದ ಹಲ್ವಾವನ್ನು ಮೂರು ಬೆರಳಲ್ಲಿ ಮುರಿದು ನಾಲಗೆ ಮೇಲಿಟ್ಟುಕೊಂಡರು.

ಹೊಗೆ ಮೊದಲು ಬಂತು. ಹಿಂದೆಯೇ ಸಿಹಿ, ಅವಸರವಿಲ್ಲದ ಸಿಹಿ. ಚಾರೋಳಿ ಹಲ್ಲಿಗೆ ಸಿಕ್ಕು ಎಣ್ಣೆ ಬಿಟ್ಟಿತು. ನುಂಗಿದ ಮೇಲೆ ಗಂಟಲ ತಳದಲ್ಲಿ ಆ ಕಹಿ. ಅವಳದೇ. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ಅದೇ ಅಕ್ಕ," ಅಂದರು ಬಾಬು ಸಾಬರು. ಅಷ್ಟು ಹೇಳುವುದರೊಳಗೆ ಅಳು ಒತ್ತರಿಸಿ ಬಂತು. ಹೆಂಡತಿಯ ಮಯ್ಯತ್ತು ಎತ್ತಿದ ದಿನವೂ ಜನರ ಮುಂದೆ ಅಳದ ಮನುಷ್ಯ ಬೇರೆಯವರ ಹಿತ್ತಿಲಲ್ಲಿ ತಟ್ಟೆ ಹಿಡಿದುಕೊಂಡು ಮಗುವಿನ ಹಾಗೆ ಅತ್ತರು. ಸಾವಿತ್ರಮ್ಮ ತಡೆಯಲಿಲ್ಲ. ತಾವೂ ಸೆರಗಿನಿಂದ ಕಣ್ಣೊರೆಸಿಕೊಂಡರು, ಸೊಸೆಯ ಕಡೆ ನೋಡದೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು.

"ಅವಳು ಬರ್ತೀನಿ ಅಂದಿದ್ದಳು ನೋಡಿ," ಅಂದರು ಅಗಿಯುತ್ತಾ. "ಈ ಡೇಗೇ ಹೊತ್ಕೊಂಡು."

"ಯಾವಾಗ?"

"ಅವಳು ಹೋಗೋದಕ್ಕೆ ಮುಂಚಿನ ರಂಜಾನಲ್ಲಿ. ಆವತ್ತೂ ಇಪ್ಪತ್ತೊಂಬತ್ತನೇ ದಿನ. ಬೆಳಿಗ್ಗೆ ಫೋನ್ ಮಾಡಿದ್ಲು. 'ಹೋದ ವರ್ಷ ನೀವಿಲ್ಲದೆ ಮಾಡಿ ಅವರಿಗೆ ರುಚಿ ಹಿಡಿಸಲಿಲ್ಲ ಸಾವಿತ್ರಕ್ಕಾ, ಈ ಸಲ ನಿಮ್ಮಲ್ಲಿಗೇ ಬಂದುಬಿಡ್ತೀನಿ, ಸ್ಕೂಟರಲ್ಲಿ ಕರ್ಕೊಂಡು ಹೋಗಿ ಅಂತ ಕೇಳ್ತೀನಿ' ಅಂದ್ಲು. ಮಳೆ ಸುರೀತಿತ್ತು. ನಾನು ಈ ಒಲೆ ಮೇಲೆ ತಗಡು ಕಟ್ಟಿಸಿ, ಸೌದೆ ಒಳಗೆ ಒಣಗಿಸಿ ಇಟ್ಟಿದ್ದೆ. ಸಂಜೆವರೆಗೂ ಕಾದೆ. ಬರಲಿಲ್ಲ. ಆಮೇಲೆ ಕೇಳಿದ್ರೆ, 'ಅವರಿಗೆ ಗ್ಯಾರೇಜಲ್ಲಿ ಕೆಲಸ ಇತ್ತಕ್ಕ' ಅಂದ್ಲು. ಹಬ್ಬದ ಹಿಂದಿನ ದಿನ ಅಲ್ವಾ, ಕೆಲಸ ಜೋರಾಗಿತ್ತೇನೋ."

ಬಾಬು ಸಾಬರ ಅಳು ನಿಂತು ಹೋಯಿತು.

ಗ್ಯಾರೇಜು ಆ ದಿನ ಮುಚ್ಚಿತ್ತು. ಮಳೆಗೆ ಒಂದು ಗಾಡಿಯೂ ಬಂದಿರಲಿಲ್ಲ. ಅವರು ಮನೆಯಲ್ಲಿ ಮಂಚದ ಮೇಲೆ ಮಲಗಿದ್ದರು. ಹಫೀಜಾ ಬಾಗಿಲ ಹತ್ತಿರ ನಿಂತಿದ್ದಳು, ಬುರ್ಖಾ ತೊಟ್ಟಾಗಿತ್ತು, ಕಾಲ ಬಳಿ ಡೇಗು. ನವುಲೆಗೆ ಒಂದು ಸಲ ಕರ್ಕೊಂಡು ಹೋಗ್ತೀರಾ ಅಂದಳು. ಹಲ್ವಾ ಮಾಡೋಕೆ ನವುಲೆಗೆ ಹೋಗ್ಬೇಕಾ, ತಲೆ ಕೆಟ್ಟಿದೆಯಾ ನಿನಗೆ ಅಂತ ಇವರು ಮಗ್ಗುಲು ತಿರುಗಿದರು. ಇಷ್ಟು ವರ್ಷ ಇದು ಅವರ ನೆನಪಿನಲ್ಲೇ ಇರಲಿಲ್ಲ. ದಿನಕ್ಕೆ ಹತ್ತು ಸಲ ಬೈಯುವವನಿಗೆ ಯಾವ ಬೈಗುಳ ನೆನಪಿರುತ್ತದೆ? ಅವಳು ಬುರ್ಖಾ ತೆಗೆದಿಟ್ಟು ಒಳಗೆ ಹೋಗಿ ಒಲೆ ಹಚ್ಚಿದಳು. ಹಬ್ಬದ ದಿನ ಇವರು ತಿಂದು, ಈ ಸಲವೂ ಹಂಗೆ ಬಂದಿಲ್ಲ ಅಂದರು.

"ಅಲ್ವಾ ಸಾಬ್ರೇ?" ಸಾವಿತ್ರಮ್ಮ ಮತ್ತೆ ಕೇಳಿದರು.

"ಕೆಲಸ ಇರಲಿಲ್ಲ ಅಕ್ಕ," ಅಂದರು ಬಾಬು ಸಾಬರು.

ಸಾವಿತ್ರಮ್ಮ ಅವರ ಮುಖ ನೋಡಿ, ನೀರಿನ ಲೋಟ ಅವರ ಹತ್ತಿರ ಸರಿಸಿದರು. ಒಳಗಿಂದ ಸುಷ್ಮಾ ಹೋಳಿಗೆ ತಟ್ಟೆ ತಂದಿಟ್ಟು ಹೋದಳು.

ಬಾಯಲ್ಲಿ ಆ ರುಚಿ ಇನ್ನೂ ಇತ್ತು. ಏಳು ವರ್ಷ ಹಂಬಲಿಸಿದ್ದು ತಟ್ಟೆ ತುಂಬ ಮುಂದಿತ್ತು, ಎರಡನೇ ತುತ್ತಿಗೆ ಅವರ ಕೈ ಏಳಲಿಲ್ಲ. ಅವರಿಗೀಗ ಬೇಕಾದದ್ದು ಆ ಮಳೆಯ ಮಧ್ಯಾಹ್ನ ಒಂದೇ. ಹೊರಗೆ ಸ್ಕೂಟರು ನಿಂತಿತ್ತು, ಪೆಟ್ರೋಲೂ ಇತ್ತು, ಅವಳು ತಯಾರಾಗಿ ನಿಂತಿದ್ದಳು. ಮಂಚದಿಂದ ಎದ್ದು, "ಹತ್ತು ಹಫೀಜಾ, ಹೋಗೋಣ," ಅನ್ನಬೇಕಿತ್ತು, ಅಷ್ಟೇ.